ಬೆಂಕಿ ಇಲ್ಲದ ಮನೆಗಳು: ಬರ್ಗೆನ್ನಿನ ಹಳೇ ಧಕ್ಕೆ ನೋಡುವುದು ಹೇಗೆ?

ಪ್ರಶ್ನೆ: ಮಗಳು, ಅಳಿಯ ನಾರ್ವೆಯ ಓಸ್ಲೋದಲ್ಲಿದ್ದಾರೆ. ಜೂನ್‌ನಲ್ಲಿ ನಾನು, ನಮ್ಮ ಯಜಮಾನರು ಅಲ್ಲಿಗೆ ಹೋಗುತ್ತಿದ್ದೇವೆ. ಹನ್ನೊಂದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಎರಡು ದಿನ ಬರ್ಗೆನ್‌ಗೆ ಹೋಗಿಬರುವ ಯೋಚನೆ ಇದೆ. ಹಳೇ ಕಾಲದ ಜರ್ಮನ್ ವ್ಯಾಪಾರಿಗಳ ಬದುಕನ್ನು ತೋರಿಸುವ ಹಾನ್ಸಿಯಾಟಿಕ್ ಮ್ಯೂಸಿಯಂ ಅಲ್ಲಿದೆ ಅಂತ ಓದಿದೆ. ಮುಖ್ಯ ಕಟ್ಟಡ ಮುಚ್ಚಿದೆ ಅಂತಲೂ ಕೇಳಿದೆ. ನೋಡಿ ಬಂದವರೊಬ್ಬರು "ಖಾಲಿ ಮರದ ಕೋಣೆಗಳು, ಮೀನಿನ ವಾಸನೆ, ಅಷ್ಟೇ" ಅಂದರು. ನಾವು ಸಸ್ಯಾಹಾರಿಗಳು ಬೇರೆ. ಹೋಗಬೇಕಾ? ಹೋದರೆ ಏನು ನೋಡಬೇಕು? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ. ಆದರೆ ಸ್ವಲ್ಪ ತಯಾರಿ ಮಾಡಿಕೊಂಡು ಹೋಗಿ. ಏನೂ ತಿಳಿಯದೆ ಹೋದರೆ ನಿಮಗೂ ಖಾಲಿ ಕೋಣೆಗಳೇ ಕಾಣುತ್ತವೆ.

ನನಗೂ ಹಾಗೇ ಆಗಿತ್ತು. ಮ್ಯೂಸಿಯಂ ಕೆಲಸದಲ್ಲೇ ಇಷ್ಟು ವರ್ಷ ಕಳೆದಿದ್ದರೂ ಬರ್ಗೆನ್ನಿನ ಆ ಮನೆಯನ್ನು ಮೊದಲ ಸಲ ನಲವತ್ತು ನಿಮಿಷದಲ್ಲಿ ಸುತ್ತಿ ಹೊರಗೆ ಬಂದುಬಿಟ್ಟೆ. ಸಾಹುಕಾರರ ಮನೆ ಅಂದಮೇಲೆ ಬೆಳ್ಳಿ ತಟ್ಟೆ, ರೇಷ್ಮೆ, ದೊಡ್ಡ ಪೆಟಾರಿ ಇರುತ್ತವೆ ಅಂತ ಹುಡುಕಿದ್ದೆ. ಸಿಕ್ಕಿದ್ದು ಕಪ್ಪಗಾದ ಹಲಗೆ, ತಗ್ಗಿದ ಸೂರು, ಕಪಾಟಿನಂಥ ಮಂಚ. ಎರಡನೇ ಸಲ ಹೋಗಿದ್ದು ಅಕ್ಟೋಬರ್ ಕೊನೆಯಲ್ಲಿ. ಹೊರಗೆ ಸೋನೆ ಮಳೆ, ಒಳಗೂ ಅಷ್ಟೇ ಚಳಿ. ಕೈ ಮರಗಟ್ಟುತ್ತಿತ್ತು. ಬಿಸಿ ಮಾಡಿಕೊಳ್ಳಲು ಒಲೆ ಎಲ್ಲಿದೆ ಅಂತ ಕಣ್ಣು ತಾನಾಗಿಯೇ ಹುಡುಕಿತು. ಒಲೆ ಇರಲಿಲ್ಲ. ಇಡೀ ಮನೆಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿಂದ ನನಗೆ ಆ ಮನೆ ಅರ್ಥವಾಗಲು ಶುರುವಾಯಿತು.

ಹಾಗಾಗಿ ನಾನು ನಿಮಗೆ ಹೇಳುವುದು ಇಷ್ಟು: ಅಲ್ಲಿ ಏನಿದೆ ಅನ್ನುವುದರ ಜೊತೆಗೆ ಏನಿಲ್ಲ ಅನ್ನುವುದನ್ನೂ ಹುಡುಕುತ್ತಾ ನಡೆಯಿರಿ. ಒಲೆ ಇಲ್ಲ. ಹೆಂಗಸಿನ ಕೋಣೆ ಇಲ್ಲ. ತೊಟ್ಟಿಲಿಲ್ಲ. ಆ ವ್ಯಾಪಾರದ ಬದುಕು ಎಂಥದ್ದು ಅನ್ನುವುದು ಇಲ್ಲದ ವಸ್ತುಗಳಲ್ಲೇ ಜಾಸ್ತಿ ಗೊತ್ತಾಗುತ್ತದೆ.

ಮೊದಲು ಮುಚ್ಚಿದ ಕಟ್ಟಡದ ವಿಷಯ. ನೀವು ಕೇಳಿದ್ದು ನಿಜ. ಫಿನ್ನೆಗೋರ್ಡೆನ್ ಅನ್ನುವ ಆ ಮುಖ್ಯ ಮನೆಯನ್ನು 2018ರಲ್ಲಿ ದೊಡ್ಡ ದುರಸ್ತಿಗೆ ಮುಚ್ಚಿದರು. ಹೊರಡುವ ಮುಂಚೆ ಮ್ಯೂಸಿಯಂನವರ ವೆಬ್‌ಸೈಟಿನಲ್ಲಿ ತೆರೆದಿದೆಯಾ ಅಂತ ನೋಡಿಕೊಳ್ಳಿ. ತೆರೆದಿಲ್ಲ ಅಂತಾದರೂ ಬೇಜಾರು ಬೇಡ. ಅದೇ ಮ್ಯೂಸಿಯಂನ ಇನ್ನೊಂದು ಭಾಗ ಶೋಟ್‌ಸ್ಟೂಎನೆ ಅಂತ ಇದೆ. ಹತ್ತಿರದಲ್ಲೇ ಬ್ರಿಗ್ಗೆನ್ಸ್ ಮ್ಯೂಸಿಯಂ ಇದೆ, ಮರಿಯಾ ಚರ್ಚ್ ಇದೆ. ಇವುಗಳ ನಡುವೆ ಹಳೇ ಮರದ ಮನೆಗಳ ಸಾಲು ಇದೆ. ಎಲ್ಲವೂ ನಾಲ್ಕೈದು ನಿಮಿಷದ ನಡಿಗೆ. ನಿಜ ಹೇಳಬೇಕೆಂದರೆ ಇವನ್ನೆಲ್ಲ ಸೇರಿಸಿ ನೋಡಿದರೇನೇ ಆ ಬದುಕಿನ ಚಿತ್ರ ಪೂರ್ತಿಯಾಗುತ್ತದೆ.

ಬ್ರಿಗ್ಗೆನ್ ಅಂದರೆ ಅವರ ಭಾಷೆಯಲ್ಲಿ ಧಕ್ಕೆ. ನಮ್ಮ ಮಂಗಳೂರು, ಮಲ್ಪೆಯವರು ಬಳಸುವ ಅದೇ ಧಕ್ಕೆ, ಹಡಗು ಬಂದು ನಿಲ್ಲುವ ಜಾಗ. ಎರಡನೇ ಮಹಾಯುದ್ಧ ಮುಗಿಯುವವರೆಗೂ ಜನ ಅದನ್ನು "ಜರ್ಮನ್ನರ ಧಕ್ಕೆ" ಅಂತಲೇ ಕರೆಯುತ್ತಿದ್ದರು. ಯಾಕೆಂದರೆ ಸುಮಾರು 1360ರಿಂದ 1754ರವರೆಗೆ, ಹತ್ತಿರ ಹತ್ತಿರ ನಾನೂರು ವರ್ಷ, ಆ ಸಾಲು ಜರ್ಮನ್ ವರ್ತಕರ ಕೈಯಲ್ಲಿತ್ತು. ಉತ್ತರ ಜರ್ಮನಿಯ ವ್ಯಾಪಾರಿ ಊರುಗಳು ಸೇರಿ ಕಟ್ಟಿಕೊಂಡ ಹಾನ್ಸಾ ಅನ್ನುವ ಕೂಟದವರು ಅವರು. ಲೂಬೆಕ್ ಅವರಿಗೆ ತಾಯಿ ಊರಿದ್ದಂತೆ. ಹೊರನಾಡುಗಳಲ್ಲಿ ಅವರಿಗೆ ನಾಲ್ಕು ದೊಡ್ಡ ಕೋಠಿಗಳಿದ್ದವು: ಲಂಡನ್, ಬ್ರೂಜ್, ರಷ್ಯಾದ ನೊವ್ಗೊರೊಡ್, ಮತ್ತು ಬರ್ಗೆನ್. ಇವುಗಳಲ್ಲಿ ಹಳೇ ಸ್ವರೂಪ ಇನ್ನೂ ಕಣ್ಣಿಗೆ ಕಾಣುವಂತೆ ನಿಂತಿರುವುದು ಬರ್ಗೆನ್ ಒಂದರಲ್ಲೇ. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮಧ್ಯಯುಗದ ಮನೆ ಅಂತ ಎಲ್ಲರೂ ಫೋಟೋ ತೆಗೆಯುವ ಆ ಮರದ ಮನೆಗಳು ಮಧ್ಯಯುಗದವಲ್ಲ. 1702ರಲ್ಲಿ ಬೆಂಕಿ ಬಿದ್ದು ಇಡೀ ಸಾಲು ಬೂದಿಯಾಯಿತು. ಈಗ ನಿಂತಿರುವುದು ಅದಾದ ಮೇಲೆ ಕಟ್ಟಿದ್ದು. ಫಿನ್ನೆಗೋರ್ಡೆನ್ 1704ರದು. ಆದರೆ ಕಟ್ಟಿದವರು ಹೊಸ ನಕ್ಷೆ ಹಾಕಲಿಲ್ಲ. ಹಳೇ ಅಡಿಪಾಯ, ಹಳೇ ಓಣಿ, ಹಳೇ ಅಳತೆ, ಎಲ್ಲವನ್ನೂ ಹಾಗೇ ಇಟ್ಟುಕೊಂಡರು. ಸಮುದ್ರದ ಕಡೆಗೆ ಮುಖ ಮಾಡಿದ ಎರಡು ಉದ್ದನೆಯ ಮನೆಸಾಲು, ನಡುವೆ ಹಲಗೆ ಹಾಸಿದ ಇಕ್ಕಟ್ಟು ಓಣಿ, ಮೇಲೆ ಮರದ ಮೊಗಸಾಲೆ, ಸರಕು ಎತ್ತುವ ರಾಟೆ. ಹಾಗಾಗಿ ಮರ 18ನೇ ಶತಮಾನದ್ದಾದರೂ ನೀವು ನಡೆಯುವ ದಾರಿ ಅದಕ್ಕಿಂತ ಎಷ್ಟೋ ಹಳೆಯದು. ಈ ವ್ಯತ್ಯಾಸವನ್ನು ಮೊಮ್ಮಗನಿಗೂ ಹೇಳಿ. ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ.

ಈಗ ಮೀನಿನ ವಿಷಯಕ್ಕೆ ಬರೋಣ. ನೀವು ಸಸ್ಯಾಹಾರಿಗಳು ಸರಿ, ಆದರೆ ಮೀನನ್ನು ಬಿಟ್ಟು ಬರ್ಗೆನ್ನಿನ ಕಥೆ ಹೇಳಲು ಆಗುವುದಿಲ್ಲ.

ಬರ್ಗೆನ್ನಿನಿಂದ ಉತ್ತರಕ್ಕೆ ಸಾವಿರ ಕಿಲೋಮೀಟರಿಗೂ ಮೇಲೆ ಕಡಲದಾರಿ ಹೋದರೆ ಲೋಫೋಟೆನ್ ದ್ವೀಪಗಳು ಸಿಗುತ್ತವೆ. ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಕಾಡ್ ಮೀನು ಮೊಟ್ಟೆ ಇಡಲು ಅಲ್ಲಿಗೆ ರಾಶಿ ರಾಶಿ ಬರುತ್ತದೆ. ಅದನ್ನು ಹಿಡಿದು, ತಲೆ ತೆಗೆದು, ಹೊಟ್ಟೆ ಸೀಳಿ ಸ್ವಚ್ಛ ಮಾಡಿ, ಎರಡೆರಡರಂತೆ ಬಾಲಕ್ಕೆ ದಾರ ಕಟ್ಟಿ ಮರದ ಗಳುಗಳ ಮೇಲೆ ನೇತುಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಒಣಮೀನಿಗೆ ಬಿಸಿಲು ಬೇಕು, ಉಪ್ಪು ಬೇಕು. ಅಲ್ಲಿ ಉಪ್ಪು ಸೋಕಿಸುವುದೇ ಇಲ್ಲ. ಚಳಿಗಾಳಿಯೇ ಎಲ್ಲ ಕೆಲಸ ಮಾಡುತ್ತದೆ. ಮೇ ತಿಂಗಳ ಹೊತ್ತಿಗೆ ಐದು ಕಿಲೋ ಮೀನು ಒಂದು ಕಿಲೋಗೆ ಇಳಿದು ಸೌದೆಯಂತೆ ಗಟ್ಟಿಯಾಗಿರುತ್ತದೆ. ಒಂದಕ್ಕೊಂದು ಬಡಿದರೆ ಟಕ್ ಟಕ್ ಅನ್ನುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ಅಡಿಗೆ ಮಾಡುವ ಮುಂಚೆ ಚೆನ್ನಾಗಿ ಜಜ್ಜಿ ದಿನಗಟ್ಟಲೆ ನೀರಲ್ಲಿ ನೆನೆಹಾಕಬೇಕು.

ಇದಕ್ಕೆ ಯುರೋಪಿನಲ್ಲಿ ಅಷ್ಟು ಗಿರಾಕಿ ಯಾಕೆ ಅಂದರೆ ಉಪವಾಸ. ಹೌದು, ನಮ್ಮ ಏಕಾದಶಿಯಂತೆ ಅವರಿಗೂ ಕಟ್ಟುನಿಟ್ಟು ಇತ್ತು. ಶುಕ್ರವಾರ ಮಾಂಸ ಮುಟ್ಟುವಂತಿಲ್ಲ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಮುಟ್ಟುವಂತಿಲ್ಲ, ಇನ್ನೂ ಎಷ್ಟೋ ದಿನ. ಮೀನಿಗೆ ಮಾತ್ರ ಅಡ್ಡಿಯಿಲ್ಲ. ಸಮುದ್ರದಿಂದ ದೂರ ಇದ್ದ ಒಳನಾಡಿನ ಊರಿಗೆ ಕೆಡದ ಮೀನು ಬೇಕಲ್ವಾ? ಅದು ಈ ಒಣ ಕಾಡ್. ಅಂದರೆ ನಮ್ಮಲ್ಲಿ ಅವಲಕ್ಕಿ, ಹಣ್ಣು ಇದ್ದ ಜಾಗದಲ್ಲಿ ಅವರಿಗೆ ಈ ಮೀನು ಇತ್ತು. ಈ ಕಣ್ಣಿಂದ ನೋಡಿದರೆ ಆ ವಾಸನೆಯೂ ಅಷ್ಟು ದೂರದ್ದು ಅನ್ನಿಸುವುದಿಲ್ಲ.

ಇನ್ನೊಂದು ಕಡೆ, ಉತ್ತರ ನಾರ್ವೆಯಲ್ಲಿ ಧಾನ್ಯ ಸರಿಯಾಗಿ ಬೆಳೆಯುವುದಿಲ್ಲ. ಲೂಬೆಕ್‌ನವರ ಕೈಯಲ್ಲಿ ಬಾಲ್ಟಿಕ್ ತೀರದ ರೈ ಧಾನ್ಯ, ಹಿಟ್ಟು ಇತ್ತು. ಧಾನ್ಯ ಕೊಡು, ಮೀನು ತಗೋ. ಆ ಧಕ್ಕೆಯ ಇಡೀ ವ್ಯಾಪಾರ ಈ ಒಂದು ಅದಲುಬದಲಿನ ಮೇಲೆ ನಿಂತಿತ್ತು.

ಈ ವ್ಯಾಪಾರ ನಡೆಯುತ್ತಿದ್ದದ್ದು ಉದ್ರಿಯಲ್ಲಿ. ಮ್ಯೂಸಿಯಂನಲ್ಲಿ ಲೆಕ್ಕದ ಪುಸ್ತಕ, ತಕ್ಕಡಿ ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಬೆಸ್ತ ಬೇಸಿಗೆಯಲ್ಲಿ ಮೀನು ತಂದು ಇಳಿಸುತ್ತಾನೆ. ಚಳಿಗಾಲಕ್ಕೆ ಬೇಕಾದ ಹಿಟ್ಟು, ಬಟ್ಟೆ, ಹಗ್ಗ ಒಯ್ಯುತ್ತಾನೆ. ಒಯ್ದದ್ದು ಜಾಸ್ತಿ, ತಂದದ್ದು ಕಮ್ಮಿ. ಬಾಕಿ ಪುಸ್ತಕಕ್ಕೆ ಏರುತ್ತದೆ. ಬಾಕಿ ಇರುವವರೆಗೆ ಅವನು ಬೇರೆ ವ್ಯಾಪಾರಿಯ ಬಾಗಿಲಿಗೆ ಹೋಗುವಂತಿಲ್ಲ. ಅಪ್ಪನ ಸಾಲ ಮಗನ ಹೆಸರಿಗೆ ಬರುತ್ತದೆ. ನಮ್ಮ ಮಂಡಿ, ಅಡಿಕೆ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದನ್ನು ಬರೀ ಶೋಷಣೆ ಅಂದುಬಿಟ್ಟರೆ ಅರ್ಧ ಮಾತಷ್ಟೇ ಹೇಳಿದಂತೆ. ಮೀನು ಸಿಗದ ವರ್ಷವೂ ಆ ಬೆಸ್ತನ ಮನೆಗೆ ಹಿಟ್ಟು ಹೋಗುತ್ತಿತ್ತು. ಕೈಗೆ ಹಗ್ಗ ಕಟ್ಟಿದ್ದೂ ಆ ಉದ್ರಿಯೇ, ಹೊಟ್ಟೆಗೆ ಹಿಟ್ಟು ಹಾಕಿದ್ದೂ ಅದೇ.

ಈಗ ಮನೆಯೊಳಗೆ ಬನ್ನಿ. ಫಿನ್ನೆಗೋರ್ಡೆನ್ ತೆರೆದಿದ್ದರೆ ಕಣ್ಣಾರೆ ನೋಡಿ. ಇಲ್ಲದಿದ್ದರೆ ಓಣಿಯಲ್ಲಿ ನಿಂತು ಈ ಮಾತು ನೆನಪು ಮಾಡಿಕೊಳ್ಳಿ. ಯೋಹಾನ್ ವಿಲ್ಹೆಲ್ಮ್ ಓಲ್ಸೆನ್ ಅನ್ನುವ ವ್ಯಾಪಾರಿ 1872ರಲ್ಲಿ, ಹಳೇದೆಲ್ಲ ಮಾಯವಾಗುತ್ತಿದೆ ಅಂತ ಹೊಳೆದು, ಇದನ್ನು ಮ್ಯೂಸಿಯಂ ಮಾಡಿದ. ಅವನಿಗೆ ಆ ಬುದ್ಧಿ ಬಂದಿದ್ದಕ್ಕೆ ನಾವು ಕೃತಜ್ಞರಾಗಿರಬೇಕು. ಯಾಕೆಂದರೆ ಅಕ್ಕಪಕ್ಕದ ಮನೆಗಳ ಒಳಭಾಗ ಅಷ್ಟು ಪೂರ್ತಿಯಾಗಿ ಉಳಿದಿಲ್ಲ.

ಕೆಳಗಡೆ ಗೋದಾಮು. ಮೇಲೆ ಯಜಮಾನನ ಕೋಣೆ, ಊಟದ ಜಾಗ. ಇಲ್ಲಿ ಯಜಮಾನ ಅಂದರೆ ಮಾಲೀಕ ಅಲ್ಲ. ಮಾಲೀಕ ದೂರದ ಲೂಬೆಕ್‌ನಲ್ಲೋ ಬ್ರೆಮೆನ್‌ನಲ್ಲೋ ಇರುತ್ತಿದ್ದ. ಇವನು ಅವನ ಪರವಾಗಿ ಅಂಗಡಿ ನಡೆಸುವವನು. ಅವನ ಕೈಕೆಳಗೆ ಗುಮಾಸ್ತ. ಗುಮಾಸ್ತನ ಕೆಳಗೆ ಕೆಲಸ ಕಲಿಯಲು ಬಂದ ಹುಡುಗರು. ಹದಿನಾಲ್ಕರ ಆಸುಪಾಸಿನ ಮಕ್ಕಳು. ಅಪ್ಪ ಅಮ್ಮನನ್ನು ಬಿಟ್ಟು, ಹಡಗು ಹತ್ತಿ, ಭಾಷೆ ಗೊತ್ತಿಲ್ಲದ ಊರಿಗೆ ಬಂದು ಇಳಿದವರು. ವರ್ಷಗಟ್ಟಲೆ ದುಡಿದರೆ ಗುಮಾಸ್ತ, ಅದೃಷ್ಟ ಇದ್ದರೆ ಯಜಮಾನ.

ಹುಡುಗರ ಮಂಚಗಳು ಮೇಲಿನ ಅಂತಸ್ತಿನಲ್ಲಿವೆ. ನನಗೆ ಇಡೀ ಬರ್ಗೆನ್ನಿನಲ್ಲಿ ಮರೆಯಲಾಗದ ವಸ್ತು ಇದೇ. ಗೋಡೆಯೊಳಗೆ ಕಟ್ಟಿದ ಮರದ ಗೂಡು. ಮುಂದೆ ಹಲಗೆಯ ಬಾಗಿಲು. ಉದ್ದ ಎಷ್ಟು ಕಮ್ಮಿ ಅಂದರೆ ನಾನಂತೂ ಕಾಲು ಚಾಚಿ ಮಲಗಲು ಸಾಧ್ಯವಿಲ್ಲ. ಇಂಥ ಒಂದು ಗೂಡಿನಲ್ಲಿ ಇಬ್ಬರು ಹುಡುಗರು. ಒಳಗೆ ಸೇರಿಕೊಂಡು ಬಾಗಿಲು ಎಳೆದುಕೊಂಡರೆ ಇಬ್ಬರ ಮೈಬಿಸಿಯೇ ಅವರ ಕಂಬಳಿ. ಆ ಬಾಗಿಲಿನ ಅಂಚನ್ನು ಗಮನಿಸಿ. ಎಷ್ಟೋ ಕೈಗಳು ಹಿಡಿದು ಎಳೆದ ಕಡೆ ಮರ ನುಣ್ಣಗಾಗಿದೆ. ನಾನು ಅಲ್ಲಿ ಸುಮ್ಮನೆ ನಿಂತಿದ್ದೆ. ಚಳಿಗೆ ಮಲಗಿದಲ್ಲೇ ಅಮ್ಮನನ್ನು ನೆನೆಸಿಕೊಂಡ ಹುಡುಗರು ಎಷ್ಟು ಮಂದಿಯೋ ಅನ್ನಿಸಿತು.

ಒಲೆ ಯಾಕಿಲ್ಲ ಅಂತ ಈಗ ಗೊತ್ತಾಗಿರಬಹುದು. ಬರೀ ಮರದ ಮನೆಗಳು, ಒಂದಕ್ಕೊಂದು ಅಂಟಿಕೊಂಡು, ಒಳಗೆ ಮೀನೆಣ್ಣೆಯ ಪೀಪಾಯಿ. ಒಂದು ಕಿಡಿ ಸಾಕು. ಅದಕ್ಕೇ ಈ ಮನೆಗಳೊಳಗೆ ಬೆಂಕಿ ಹಚ್ಚುವಂತಿಲ್ಲ ಅಂತ ನಿಯಮ. ಬರ್ಗೆನ್ನಿನಲ್ಲಿ ಡಿಸೆಂಬರ್ ಹಗಲು ಆರು ಗಂಟೆಯೂ ಇರುವುದಿಲ್ಲ. ಆ ಕತ್ತಲೆಯಲ್ಲಿ, ಆ ಒದ್ದೆ ಚಳಿಯಲ್ಲಿ, ಒಲೆಯಿಲ್ಲದೆ ಬದುಕುವುದು ಅಂದರೆ ಏನು ಅಂತ ಜೂನ್‌ನಲ್ಲಿ ಹೋಗುವ ನಿಮಗೆ ಹೊಳೆಯುವುದು ಕಷ್ಟ. ನೀವು ಹೋದಾಗ ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ. ಹಾಗಾಗಿ ಮನಸ್ಸಿನಲ್ಲೇ ಚಳಿಗಾಲ ತಂದುಕೊಂಡು ನೋಡಬೇಕು.

ಹಾಗಾದರೆ ಬೆಂಕಿ ಎಲ್ಲಿತ್ತು? ಶೋಟ್‌ಸ್ಟೂಎನೆಯಲ್ಲಿ. ಮನೆಸಾಲಿನ ಹಿಂಭಾಗದಲ್ಲಿ, ಮಲಗುವ ಮನೆ ಮತ್ತು ಗೋದಾಮುಗಳಿಂದ ದೂರದಲ್ಲಿ, ಅಡಿಗೆಮನೆ ಮತ್ತು ಒಂದು ದೊಡ್ಡ ಹಜಾರ ಕಟ್ಟಿಕೊಳ್ಳುತ್ತಿದ್ದರು. ಬಿಸಿ ಊಟ ಅಲ್ಲೇ, ಬಿಯರ್ ಅಲ್ಲೇ, ಪಂಚಾಯ್ತಿ ಅಲ್ಲೇ, ಹುಡುಗರಿಗೆ ಚಳಿಗಾಲದ ಪಾಠವೂ ಅಲ್ಲೇ. ಈಗ ಮ್ಯೂಸಿಯಂ ಆಗಿರುವ ಹಜಾರಗಳನ್ನು ಬೇರೆ ಬೇರೆ ಸಾಲುಗಳಿಂದ ಬಿಚ್ಚಿ ತಂದು ಮರಿಯಾ ಚರ್ಚಿನ ಹತ್ತಿರ ಒಟ್ಟಿಗೆ ನಿಲ್ಲಿಸಿದ್ದಾರೆ. ಗೋಡೆಯುದ್ದಕ್ಕೂ ಬೆಂಚು, ಉದ್ದನೆಯ ಮೇಜು. ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೂ ಕ್ರಮ ಇತ್ತು, ಯಜಮಾನರದ್ದು ಒಂದು ಕಡೆ, ಹುಡುಗರದ್ದು ಇನ್ನೊಂದು ಕಡೆ. ಆ ಬೆಂಚಿನ ಮೇಲೆ ಕಣ್ಣಾಡಿಸಿ, ಮೊಮ್ಮಗನನ್ನು ಕೇಳಿ: ಹೊಸದಾಗಿ ಬಂದ ಹುಡುಗ ಇಲ್ಲಿ ಎಲ್ಲಿ ಕೂತಿರಬಹುದು? ಒಲೆಗೆ ಹತ್ತಿರವೋ ದೂರವೋ?

ಆ ಹಜಾರಕ್ಕೆ ಒಂದು ಕರಾಳ ಮುಖವೂ ಇದೆ. ಹೊಸ ಹುಡುಗರನ್ನು ಕೂಟಕ್ಕೆ ಸೇರಿಸಿಕೊಳ್ಳುವಾಗ "ಬರ್ಗೆನ್ ಆಟ" ಅಂತ ನಡೆಸುತ್ತಿದ್ದರು. ಹೊಗೆ ಆಟದಲ್ಲಿ ಹುಡುಗನನ್ನು ಹಗ್ಗ ಕಟ್ಟಿ ಮೇಲೆಳೆದು, ಕೆಳಗೆ ನಾತ ಬರುವ ಕಸಕ್ಕೆ ಬೆಂಕಿ ಹಾಕಿ, ಆ ಹೊಗೆಯಲ್ಲೇ ಪ್ರಶ್ನೆ ಕೇಳುವುದು. ನೀರಾಟದಲ್ಲಿ ತಣ್ಣನೆಯ ಸಮುದ್ರಕ್ಕೆ ಎಸೆದು, ದೋಣಿ ಹತ್ತಲು ಬಂದರೆ ಕೋಲಿನಿಂದ ಹೊಡೆಯುವುದು. ಚಾಟಿಯೇಟಿನ ಆಟ ಬೇರೆ. ಇವತ್ತಿನ ಭಾಷೆಯಲ್ಲಿ ಇದು ರ‍್ಯಾಗಿಂಗ್. ಕೆಲವು ಗೈಡ್‌ಗಳು ಇದನ್ನು ತಮಾಷೆ ಕಥೆಯಂತೆ ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಮಕ್ಕಳು ಪೆಟ್ಟು ತಿಂದ ಜಾಗ ಅದು. 1671ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಐದನೇ ಕ್ರಿಶ್ಚಿಯನ್ ಈ ಆಟಗಳನ್ನು ನಿಷೇಧಿಸಿದ. ಮೊಮ್ಮಗನ ಮುಂದೆ ಎಷ್ಟು ಹೇಳಬೇಕು ಅನ್ನುವುದು ನಿಮಗೇ ಬಿಟ್ಟಿದ್ದು.

ಇನ್ನು ಹೆಂಗಸರು. ಈ ಧಕ್ಕೆಯ ಮೇಲೆ ಇದ್ದವರೆಲ್ಲ ಗಂಡಸರು, ಒಬ್ಬರೂ ಮದುವೆಯಾಗುವಂತಿರಲಿಲ್ಲ. ಊರಿನ ಹೆಣ್ಣನ್ನು ಮದುವೆಯಾದರೆ ಆಸ್ತಿ ಊರಿನವರ ಪಾಲಾಗುತ್ತದೆ, ವ್ಯಾಪಾರದ ಗುಟ್ಟು ಹೊರಗೆ ಹೋಗುತ್ತದೆ ಅನ್ನುವ ಭಯ. ಫಿನ್ನೆಗೋರ್ಡೆನ್‌ನಲ್ಲಿ ಯಜಮಾನನ ಮಂಚಕ್ಕೆ ಎರಡು ಕಡೆ ಬಾಗಿಲು. ಒಂದು ಕೋಣೆಗೆ, ಇನ್ನೊಂದು ಕೋಣೆಯ ಹೊರಗಡೆಗೆ. ಹಾಸಿಗೆ ಸರಿಮಾಡಲು ಬರುವ ಕೆಲಸದವಳು ಕೋಣೆಯೊಳಗೆ ಕಾಲಿಡದೆ ಹೊರಗಿನಿಂದಲೇ ಕೆಲಸ ಮುಗಿಸಲಿ ಅಂತ ಹಾಗೆ ಮಾಡಿದ್ದು ಅಂತ ಹೇಳುತ್ತಾರೆ. ಅಂದ ಮಾತ್ರಕ್ಕೆ ಊರಿನಲ್ಲಿ ಸಂಬಂಧ ಬೆಳೆಯಲಿಲ್ಲ, ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ಮನುಷ್ಯರಲ್ವಾ. ಆದರೆ ಆ ಮಕ್ಕಳಿಗೆ ಈ ಮನೆಗಳಲ್ಲಿ ಜಾಗ ಇರಲಿಲ್ಲ. ತೊಟ್ಟಿಲಿಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಡ್ಯಾನಿಶ್ ಭಾಷೆಯಲ್ಲಿ ಮದುವೆಯಾಗದ ಗಂಡಸಿಗೆ ಇವತ್ತಿಗೂ "ಪೆಬರ್‌ಸ್ವೆಂಡ್" ಅನ್ನುತ್ತಾರೆ. ಅಕ್ಷರಶಃ ಹೇಳಿದರೆ ಮೆಣಸಿನ ಹುಡುಗ. ಸಾಂಬಾರ ಪದಾರ್ಥ ಮಾರುತ್ತಿದ್ದ, ಮದುವೆಗೆ ಅನುಮತಿ ಇಲ್ಲದ ಹಾನ್ಸಾ ವ್ಯಾಪಾರಿಗಳ ಆಳುಗಳಿಂದ ಬಂದ ಹೆಸರು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಡೆನ್ಮಾರ್ಕ್‌ನಲ್ಲಿ ಮೂವತ್ತು ತುಂಬಿದರೂ ಮದುವೆಯಾಗದವನಿಗೆ ಸ್ನೇಹಿತರು ಮೆಣಸಿನ ಪುಡಿ ಎರಚುವ ರೂಢಿ ಈಗಲೂ ಇದೆ. ಮೆಣಸು ಅಂದಮೇಲೆ ನಮ್ಮ ಮಲೆನಾಡು, ಕರಾವಳಿ ನೆನಪಾಗದೆ ಇರುತ್ತದೆಯೇ? ಆ ಕಥೆಗೆ ಬ್ರಿಗ್ಗೆನ್ಸ್ ಮ್ಯೂಸಿಯಂಗೆ ಹೋಗೋಣ.

1955ರ ಜುಲೈನಲ್ಲಿ ಧಕ್ಕೆಯ ಉತ್ತರ ಭಾಗ ಮತ್ತೆ ಸುಟ್ಟುಹೋಯಿತು. ಉಳಿದದ್ದನ್ನೂ ಕೆಡವಿಬಿಡೋಣ ಅನ್ನುವ ಮಾತೂ ಎದ್ದಿತ್ತು. ಆಗ ಆಸ್‌ಬ್ಯೋರ್ನ್ ಹೆರ್ಟೈಗ್ ಅನ್ನುವ ಪುರಾತತ್ವಜ್ಞರ ಮುಂದಾಳತ್ವದಲ್ಲಿ ಸುಟ್ಟ ಜಾಗ ಅಗೆಯಲು ಶುರುಮಾಡಿದರು. ಹದಿಮೂರು ವರ್ಷಕ್ಕೂ ಮೇಲೆ ಅಗೆದರು. ಕೆಳಗೆ ಇಳಿದಂತೆ ಬೂದಿಯ ಪದರದ ಕೆಳಗೆ ಇನ್ನೊಂದು ಬೂದಿಯ ಪದರ. 1702ರ ಬೆಂಕಿ, 1476ರ ಬೆಂಕಿ, 1248ರ ಬೆಂಕಿ, 1198ರ ಬೆಂಕಿ. ದಾಖಲೆಗಳಲ್ಲಿ ಬೆಂಕಿಯ ವರ್ಷ ಇದ್ದುದರಿಂದ ಯಾವ ಪದರ ಯಾವ ಕಾಲದ್ದು ಅಂತ ಹೇಳಲು ಸಾಧ್ಯವಾಯಿತು. ಊರನ್ನು ಸುಟ್ಟ ಬೆಂಕಿಯೇ ಕ್ಯಾಲೆಂಡರ್ ಆಯಿತು. ಅಲ್ಲೇ ಮೇಲೆ ಕಟ್ಟಡ ಕಟ್ಟಿ 1976ರಲ್ಲಿ ಮ್ಯೂಸಿಯಂ ತೆರೆದರು. ಒಳಗೆ 12ನೇ ಶತಮಾನದ ಮನೆಗಳ ಮರದ ಅಡಿಪಾಯವನ್ನು ಸಿಕ್ಕ ಜಾಗದಲ್ಲೇ ಉಳಿಸಿದ್ದಾರೆ. ನಿಜವಾದ ಮಧ್ಯಯುಗ ನೋಡಬೇಕಾದರೆ ಇಲ್ಲಿಗೇ ಬರಬೇಕು.

ಆ ಅಗೆತದಲ್ಲಿ 600ಕ್ಕೂ ಹೆಚ್ಚು ರೂನ್ ಬರಹಗಳು ಸಿಕ್ಕವು. ರೂನ್ ಅಂದರೆ ಉತ್ತರದ ಜನರ ಹಳೇ ಲಿಪಿ, ಚಾಕುವಿನಿಂದ ಮರದಲ್ಲಿ ಕೊರೆಯಲು ಹೊಂದುವ ನೇರ ಗೆರೆಗಳು. ಬಹಳಷ್ಟು ಬರಹಗಳು ಗೇಣುದ್ದದ ಕಡ್ಡಿಗಳ ಮೇಲಿವೆ. ನಮ್ಮಲ್ಲಿ ಚೀಟಿ ಬರೆಯುತ್ತೇವಲ್ಲ, ಹಾಗೆ. ಸರಕಿನ ಮೂಟೆಗೆ ಕಟ್ಟಿದ ಹೆಸರಿನ ಚೀಟಿ ಇದೆ, ಪ್ರಾರ್ಥನೆ ಇದೆ, "ನನ್ನ ಚಿನ್ನ, ಮುತ್ತು ಕೊಡು" ಅನ್ನುವ ಪ್ರೇಮದ ಸಾಲೂ ಇದೆ. ಒಂದರಲ್ಲಿ "ಗ್ಯೂದಾ ಹೇಳ್ತಾಳೆ, ನೀನು ಮನೆಗೆ ಹೋಗಬೇಕಂತೆ" ಅಂತಷ್ಟೇ ಇದೆ. ಹೆಂಡದಂಗಡಿಯಲ್ಲಿ ಕೂತ ಗಂಡನಿಗೆ ಕಳಿಸಿದ್ದಿರಬೇಕು ಅಂತ ಓದಿದವರೆಲ್ಲ ಊಹಿಸುತ್ತಾರೆ.

ನನಗೆ ತುಂಬಾ ಹತ್ತಿರವಾದದ್ದು ತೋರಿರ್ ಅನ್ನುವ ವ್ಯಾಪಾರಿಯ ಕಾಗದ. ತನ್ನ ಪಾಲುದಾರ ಹಾವ್‌ಗ್ರಿಮ್‌ಗೆ ಬರೆದದ್ದು. ಶುರುವಿನಲ್ಲಿ ದೇವರ ಹೆಸರು, ಸ್ನೇಹದ ಮಾತು, ಎಲ್ಲ ಪದ್ಧತಿ ಪ್ರಕಾರ. ಆಮೇಲೆ ಅಸಲು ವಿಷಯ: ನನಗೆ ಇಲ್ಲಿ ತುಂಬಾ ತಾಪತ್ರಯ, ಬಿಯರ್ ಇಲ್ಲ, ಮೀನಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡ. ಉದ್ದ ತೋರ್‌ಸ್ಟೈನ್‌ಗೆ ಇದು ಗೊತ್ತಾಗದಿರಲಿ. ನನಗೊಂದಿಷ್ಟು ಕೈಗವಸು ಕಳಿಸು. ಸಿಗ್ರಿದ್‌ಗೆ ಏನಾದರೂ ಬೇಕಿದ್ದರೆ ಕೊಡು. ವ್ಯಾಪಾರ ಕೈಕೊಟ್ಟ ಮನುಷ್ಯ, ಮಾನ ಉಳಿಸಿಕೊಳ್ಳುವ ಆತಂಕ, ಚಳಿಗೆ ಕೈಗವಸು ಕೇಳುವ ಸಂಕೋಚ, ಮನೆಯವಳೋ ತಂಗಿಯೋ ಆದ ಸಿಗ್ರಿದ್‌ಳ ಚಿಂತೆ, ಎಲ್ಲವೂ ಒಂದು ಕಡ್ಡಿಯ ಮೇಲೆ. ನೂರು ಬೆಳ್ಳಿ ತಟ್ಟೆ ಇಟ್ಟರೂ ಇಷ್ಟು ಹೇಳುವುದಿಲ್ಲ.

ಇನ್ನೊಂದು ಕಡ್ಡಿಯ ಮೇಲೆ ಒಂದೇ ಸಾಲು: "ಟಂಕಸಾಲೆಯ ತೋರ್ಕೆಲ್ ನಿನಗೆ ಮೆಣಸು ಕಳಿಸುತ್ತಿದ್ದಾನೆ." ಆ ಕಾಲದಲ್ಲಿ ಯುರೋಪಿಗೆ ಕರಿಮೆಣಸು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಯಿಂದ. ಘಟ್ಟದ ಕಾಡಿನ ಬಳ್ಳಿಯಿಂದ ಇಳಿದ ಕಾಳು ಅರಬ್ಬೀ ಸಮುದ್ರ ದಾಟಿ, ಏಡನ್, ಈಜಿಪ್ಟ್ ಹಾದು, ಹತ್ತು ಕೈ ಬದಲಾಗಿ ಆ ಮಳೆಯ ಊರಿಗೆ ಮುಟ್ಟಿದೆ. ಮೊದಲ ಸಲ ಆ ಸಾಲಿನ ಅರ್ಥ ಓದಿದಾಗ ನನಗೆ ಮೈ ಜುಮ್ಮೆಂದಿತು.

12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲೂ ಒಬ್ಬ ಪರದೇಶಿ ವರ್ತಕ ಇದ್ದ, ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾ ಮೂಲದ ಯಹೂದಿ. ಮೆಣಸು, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೇ ಯಹೂದಿ ಮಂದಿರದ ಉಗ್ರಾಣದಲ್ಲಿ ಸಿಕ್ಕಿವೆ. ಏಡನ್ನಿನ ಸ್ನೇಹಿತರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಅಲ್ಲಿ ತೋರಿರ್ ಕೈಗವಸು ಕೇಳಿದ, ಇಲ್ಲಿ ಬೆನ್ ಯಿಜುಗೆ ಕಾಗದ ಬಂತು. ಆದರೆ ಬೆನ್ ಯಿಜು ಮಂಗಳೂರಿನಲ್ಲಿ ಗೂಡಿನಂಥ ಮಂಚದಲ್ಲಿ ಒಂಟಿಯಾಗಿ ಇರಲಿಲ್ಲ. ಆಶು ಅನ್ನುವ ಇಲ್ಲಿಯ ಹೆಣ್ಣುಮಗಳಿಗೆ 1132ರಲ್ಲಿ ದಾಸ್ಯದಿಂದ ಬಿಡುಗಡೆ ಪತ್ರ ಬರೆದುಕೊಟ್ಟ, ಅವಳ ಜೊತೆ ಸಂಸಾರ ಮಾಡಿದ, ಮಕ್ಕಳಾದವು. ಪರದೇಶಿ ವ್ಯಾಪಾರಿ ಊರಿನೊಳಗೆ ಬೆರೆಯುವ ದಾರಿ ಒಂದು, ಬೇಲಿ ಹಾಕಿಕೊಂಡು ಕೂರುವ ದಾರಿ ಇನ್ನೊಂದು. ಬರ್ಗೆನ್ನಿನ ಜರ್ಮನ್ನರು ಎರಡನೆಯದನ್ನು ಹಿಡಿದರು, ನಾನೂರು ವರ್ಷ ಅದರಲ್ಲೇ ಗೆದ್ದರು. ಆ ಗೆಲುವಿಗೆ ತೆತ್ತ ಬೆಲೆ ಆ ಹುಡುಗರ ಮಂಚದಲ್ಲಿ ಕಾಣುತ್ತದೆ ಅಂತ ನನ್ನ ಅಭಿಪ್ರಾಯ.

ಮರಿಯಾ ಚರ್ಚ್ ಬಗ್ಗೆ ಸ್ವಲ್ಪ. 12ನೇ ಶತಮಾನದ ಕಲ್ಲಿನ ಕಟ್ಟಡ, ಊರಿನಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಹಳೆಯದು. 1408ರಿಂದ ಅದು ಜರ್ಮನ್ ವರ್ತಕರ ಚರ್ಚ್ ಆಯಿತು. ಒಳಗಿನ ಪೀಠದ ಹಿಂದೆ ಮಡಚುವ ಬಾಗಿಲುಗಳಿರುವ ಕೆತ್ತನೆ ಇದೆ, 15ನೇ ಶತಮಾನದ ಕೊನೆಯದು, ಉತ್ತರ ಜರ್ಮನಿಯಲ್ಲಿ ಮಾಡಿದ್ದು. ಬೆಳ್ಳಿ ಬಂಗಾರ ಹುಡುಕುವವರ ಕಣ್ಣು ಇಲ್ಲಿ ತುಂಬುತ್ತದೆ. ಮನೆಯಲ್ಲಿ ಬೆಂಕಿಗೂ ಗತಿಯಿಲ್ಲದವರು ದುಡಿದದ್ದನ್ನು ಇಲ್ಲಿ ತಂದು ಸುರಿದಿದ್ದಾರೆ.

ಕೊನೆಗೆ ನಿಮ್ಮ ಎರಡು ದಿನದ ಲೆಕ್ಕ. ಓಸ್ಲೋದಿಂದ ರೈಲಿನಲ್ಲಿ ಬನ್ನಿ, ಏಳು ಗಂಟೆಯಷ್ಟು ಹಿಡಿಯುತ್ತದೆ, ಬೆಟ್ಟದ ದಾರಿ ತುಂಬಾ ಚೆನ್ನಾಗಿದೆ. ಮೊದಲ ದಿನ ಸಂಜೆ ಸುಮ್ನೆ ಓಣಿಗಳಲ್ಲಿ ಅಡ್ಡಾಡಿ. ಪ್ರವಾಸಿ ಹಡಗುಗಳ ಜನ ಸಂಜೆ ಹೊತ್ತಿಗೆ ಹೊರಟುಹೋಗಿರುತ್ತಾರೆ, ಬೆಳಕು ಮಾತ್ರ ಇರುತ್ತದೆ. ಮನೆಗಳು ವಾಲಿರುವುದನ್ನು ಮೊಮ್ಮಗನಿಗೆ ತೋರಿಸಿ. ಸಮುದ್ರದೊಳಗೆ ಮರದ ದಿಮ್ಮಿ, ಕಸ ತುಂಬಿ ನೆಲ ಮಾಡಿಕೊಂಡು ಕಟ್ಟಿದ್ದು ಅದು. ಕೆಳಗಿನ ಮರ ಕೊಳೆತಂತೆ ಮನೆ ಕುಸಿಯುತ್ತದೆ. ರಾಟೆಗಳು ಎಷ್ಟಿವೆ ಅಂತ ಎಣಿಸಲು ಹೇಳಿ.

ಎರಡನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬ್ರಿಗ್ಗೆನ್ಸ್ ಮ್ಯೂಸಿಯಂಗೆ ಹೋಗಿ. ಮೊದಲು ಇದು, ಆಮೇಲೆ ಶೋಟ್‌ಸ್ಟೂಎನೆ. ಉಲ್ಟಾ ಮಾಡಬೇಡಿ. ನೆಲದಡಿಯ ಊರನ್ನು ನೋಡಿದ ಮೇಲೆ ಮೇಲಿನ ಮನೆ ಚೆನ್ನಾಗಿ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಇಂಗ್ಲಿಷ್‌ನಲ್ಲಿ ಹೇಳುವ ಗೈಡ್ ಜೊತೆಗಿನ ನಡಿಗೆ ಇರುತ್ತದೆ. ದುಡ್ಡು ಕೊಟ್ಟರೂ ಪರವಾಗಿಲ್ಲ, ಸೇರಿಕೊಳ್ಳಿ. ಎರಡೂ ಮ್ಯೂಸಿಯಂಗಳನ್ನು ಒಂದೇ ಬೆಳಿಗ್ಗೆ ಮುಗಿಸುವ ಆತುರ ಬೇಡ, ನಡುವೆ ಕೂತು ಊಟ ಮಾಡಿ. ನೀವು ಹೇಳಿದ ಮೀನಿನ ವಾಸನೆ ಈ ಎರಡು ಕಡೆ ಕಾಡುವುದಿಲ್ಲ. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಆ ಊರಿನ ಹೋಟೆಲ್ ರೇಟಿನಿಂದಲೂ ಬಚಾವು.

ಬರ್ಗೆನ್ ಮಳೆಯ ಊರು. ವರ್ಷದಲ್ಲಿ ಇನ್ನೂರಕ್ಕೂ ಜಾಸ್ತಿ ದಿನ ಮಳೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ಅಲ್ಲಿ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಒಳ್ಳೆ ರೇನ್‌ಕೋಟ್ ಬೇಕು. ಓಣಿಯ ಹಲಗೆ ಒದ್ದೆಯಾದರೆ ಜಾರುತ್ತದೆ, ಹಿಡಿತ ಇರುವ ಶೂ ಹಾಕಿ. ಯಜಮಾನರಿಗೆ ಮಂಡಿನೋವು ಇದ್ದರೆ ಫಿನ್ನೆಗೋರ್ಡೆನ್‌ನ ಕಡಿದಾದ ಮೆಟ್ಟಿಲು ಹತ್ತಿಸಬೇಡಿ. ಮತ್ತೆ, ಜೂನ್ ಆದರೂ ಕೈಗವಸು ಒಯ್ಯಿರಿ.